ಶಾಲೆ ವಾರ್ಷಿಕೋತ್ಸವಕ್ಕೆ ಅರ್ಧ ತಾಸಿನ ನಗೆ ನಾಟಕ ಬೇಕು: 22 ಮಕ್ಕಳು, ಒಂದೇ ಮೈಕು

ಮಸ್ಕಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮಸ್ಕಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಜನವರಿ ಕೊನೆಗೆ ನಮ್ಮ ಶಾಲಾ ವಾರ್ಷಿಕೋತ್ಸವ. ಈ ಸಲ ಬರೀ ಸಿನಿಮಾ ಹಾಡಿಗೆ ಕುಣಿಸೋದು ಬೇಡ, ಒಂದು ನಾಟಕ ಆಗಲಿ, ಅದೂ ಜನ ನಗುವಂಥದ್ದಾಗಲಿ ಅಂತ ಹೆಡ್‌ಮಾಸ್ಟರು ಹೇಳಿದ್ದಾರೆ. ಹೇಳಿ ಕೈ ತೊಳೆದುಕೊಂಡಿದ್ದಾರೆ. ಉಳಿದದ್ದೆಲ್ಲ ನನ್ನ ತಲೆ ಮೇಲೆ.

8 ಮತ್ತು 9ನೇ ತರಗತಿಯ 22 ಮಕ್ಕಳು ಹೆಸರು ಕೊಟ್ಟಿದ್ದಾರೆ, ಅದರಲ್ಲಿ 15 ಹುಡುಗಿಯರು. ಯಾರನ್ನೂ ಬಿಡೋ ಹಾಗಿಲ್ಲ, ಬಿಟ್ಟರೆ ಮರುದಿನ ಅವರ ಅವ್ವಂದಿರು ಶಾಲೆ ಬಾಗಿಲಲ್ಲಿ ನಿಂತಿರುತ್ತಾರೆ. ಸಮಯ ಅರ್ಧ ತಾಸು. ಸ್ಟೇಜು ಅಂದರೆ ಧ್ವಜಕಟ್ಟೆ ಪಕ್ಕದ ಸಿಮೆಂಟ್ ಕಟ್ಟೆ, ಹಿಂದೆ ಶಾಮಿಯಾನದವರ ಬಟ್ಟೆ. ಎಳೆಯೋ ಪರದೆ ಇಲ್ಲ, ಲೈಟಿನ ಆಟ ಇಲ್ಲ, ಮೈಕು ಒಂದೇ.

ಲೈಬ್ರರಿಯಲ್ಲಿದ್ದ ಏಕಾಂಕಗಳನ್ನು ಮಕ್ಕಳ ಕೈಯಲ್ಲಿ ಓದಿಸಿ ನೋಡಿದೆ. ಬಹಳಷ್ಟು ಬೆಂಗಳೂರು ಮೈಸೂರಿನ ಮನೆ ಮಾತು, 'ಏನೇ, ಕಾಫಿ ಆಯ್ತೇನೇ' ಅನ್ನುವಂಥವು. ನಮ್ಮ ಮಕ್ಕಳು ಅದನ್ನು ಹೇಳಿದರೆ ಕಂಠಪಾಠ ಒಪ್ಪಿಸಿದ ಹಾಗೆ ಕೇಳುತ್ತೆ, ನಗು ಎಲ್ಲಿಂದ ಬರಬೇಕು? ಇನ್ನು ಯೂಟ್ಯೂಬಿನ ಕಾಮಿಡಿ ಸ್ಕಿಟ್ ನೋಡಿದರೆ ಅರ್ಧ ಡಬಲ್ ಮೀನಿಂಗು, ಉಳಿದರ್ಧ ಕುಡುಕನ ಪಾತ್ರ. ಊರವರೆಲ್ಲ ಬಂದು ಕೂತಿರುತ್ತಾರೆ, ಅದು ಆಗೋದಿಲ್ಲ.

ಜೊತೆಗೆ ನಮ್ಮೂರ ಯುವಕ ಸಂಘದವರು ಬೇರೆ, 'ಸರ, ಚಲೋ ಇದ್ರ ಯುಗಾದಿಗೆ ನಾವೂ ಅದನ್ನೇ ಆಡ್ತೀವಿ' ಅಂತ ಕೇಳಿದ್ದಾರೆ. ಹಾಗಾಗಿ ಮಕ್ಕಳೂ ಆಡಬಹುದಾದ, ದೊಡ್ಡವರೂ ಆಡಬಹುದಾದ ನಾಟಕ ಯಾವುದಾದರೂ ಇದ್ದರೆ ಹೇಳಿ. ಆಡಿಸಿ ಗೊತ್ತಿದ್ದವರು ಹೇಳಿದರೆ ಇನ್ನೂ ಒಳ್ಳೆಯದು.

ಹಾರ್ಮೋನಿಯಂ ಪೆಟ್ಟಿಗೆ (ಬಳ್ಳಾರಿ)

ಸರ, ಕೈಲಾಸಂ ಅವರನ್ನು ಅಷ್ಟು ಬೇಗ ಬದಿಗಿಡಬೇಡಿ. ಕನ್ನಡದಲ್ಲಿ ಮನೆಯೊಳಗಿನ ಮಾತನ್ನೇ ಸ್ಟೇಜಿಗೆ ತಂದು ನಗಿಸಬಹುದು ಅಂತ ತೋರಿಸಿದವರೇ ಅವರು. 'ಟೊಳ್ಳುಗಟ್ಟಿ' ತೆಗೆದುಕೊಳ್ಳಿ. ಪರೀಕ್ಷೆಯಲ್ಲಿ ಮುಂದಿರೋ ಮಗ ಒಬ್ಬ, ಓದಿನಲ್ಲಿ ಹಿಂದಿದ್ದರೂ ಮನೆಗೆ ಆಗಿಬರೋ ಮಗ ಇನ್ನೊಬ್ಬ. ಇದು ಇವತ್ತಿಗೂ ನಮ್ಮ ಪ್ರತಿ ಮನೆಯ ಕಥೆ ಅಲ್ವಾ? ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಯಾವ ಬೀದಿಗೆ ಬೇಕಾದರೂ ಹೋಗಿ ನೋಡಿ.

ಭಾಷೆ ಬೇರೆ ಅನ್ನೋದು ನಿಜ. ಅವರ ಪಾತ್ರಗಳು ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಮಾತಾಡುತ್ತವೆ. ಆದರೆ ಬೆಂಗಳೂರಿಗೆ ಹೋಗಿ ಆರು ತಿಂಗಳಿದ್ದು ಹಬ್ಬಕ್ಕೆ ಬಂದ ನಮ್ಮ ಹುಡುಗರು ಹೇಗೆ ಮಾತಾಡುತ್ತಾರೆ ಹೇಳಿ! ಆ ಒಂದು ಪಾತ್ರಕ್ಕೆ ಮಾತ್ರ ಇಂಗ್ಲಿಷ್ ಇಟ್ಟು, ಉಳಿದವರೆಲ್ಲ ರಾಯಚೂರು ಮಾತಲ್ಲೇ ಉತ್ತರ ಕೊಟ್ಟರೆ ಅಲ್ಲೇ ನಗು ಹುಟ್ಟುತ್ತೆ. 'ಬಂಡ್ವಾಳ್ವಿಲ್ಲದ ಬಡಾಯಿ' ಸಹ ಹೀಗೇ ಒಗ್ಗಿಸಬಹುದಾದದ್ದು.

ಒಂದು ಮಾತು, ವಿಷಯಕ್ಕೆ ಸ್ವಲ್ಪ ಆಚೆಯದು. ನಮ್ಮ ಬಳ್ಳಾರಿ ರಾಘವರು ತೀರಿಕೊಂಡದ್ದೂ 1946ರಲ್ಲಿ, ಕೈಲಾಸಂ ತೀರಿಕೊಂಡದ್ದೂ 1946ರಲ್ಲೇ. ರಾಘವರು ವಕೀಲಿ ಮಾಡಿಕೊಂಡೇ ತೆಲುಗು, ಕನ್ನಡ, ಇಂಗ್ಲಿಷ್ ಅಂತ ನಾಟಕ ಆಡಿದ ಮನುಷ್ಯ, ಹೆಣ್ಣು ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಅಂತ ಆ ಕಾಲದಲ್ಲೇ ಹಠ ಹಿಡಿದವರು. ಇಲ್ಲಿ ಅವರ ಹೆಸರಿನ ಕಲಾಮಂದಿರ ಇದೆ, ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವೂ ಇದೆ. ಇಷ್ಟೆಲ್ಲ ಇಟ್ಟುಕೊಂಡು ನಾವು ಮಕ್ಕಳಿಗೆ ಟೀವಿ ಸ್ಕಿಟ್ ಹುಡುಕುತ್ತಾ ಕೂತಿದ್ದೇವೆ.

ಎರೆ ಹೊಲ (ಕುಷ್ಟಗಿ)

ಪೆಟ್ಟಿಗೆಯಣ್ಣ ಹೇಳಿದ್ದು ಸರಿ, ಆದರೆ 'ಟೊಳ್ಳುಗಟ್ಟಿ'ಯಲ್ಲಿ ನಗುವಿಗಿಂತ ಗಂಭೀರ ಭಾಗ ಜಾಸ್ತಿ ಅಂತ ನನ್ನ ಅನಿಸಿಕೆ. ಮೇಷ್ಟ್ರು ಕೇಳಿದ್ದು ಕಟ್ಟೆ ಮೇಲೆ ಕೂತ ಅಜ್ಜಂದಿರೂ ಬಿದ್ದು ಬಿದ್ದು ನಗೋ ನಾಟಕ.

ನಾವು ಇಲ್ಲಿ ಹವ್ಯಾಸಕ್ಕೆ ಅಂತ ಒಂದು ಸಣ್ಣ ತಂಡ ಕಟ್ಟಿಕೊಂಡಿದ್ದೇವೆ. ಗಣೇಶ ಹಬ್ಬ, ಜಾತ್ರೆ, ಕರೆದ ಕಡೆ ಹೋಗಿ ಆಡುತ್ತೇವೆ. ನಮಗೆ ಎಲ್ಲ ಕಡೆ ಕೈಹಿಡಿದದ್ದು ರಷ್ಯಾದ ಚೆಕಾವ್ ಬರೆದ ಒಂದು ಪುಟ್ಟ ಪ್ರಹಸನ, ಇಂಗ್ಲಿಷಿನಲ್ಲಿ 'ದಿ ಪ್ರಪೋಸಲ್' ಅಂತ. ರಷ್ಯಾ ಅಂದ ಕೂಡಲೇ ಹೆದರಬೇಡಿ. ಕಥೆ ಕೇಳಿದರೆ ನಿಮ್ಮೂರಲ್ಲೇ ಆದದ್ದು ಅನ್ನುತ್ತೀರಿ. 1880ರ ದಶಕದ ಕೊನೆಯಲ್ಲಿ ಬರೆದದ್ದು, ಪಾತ್ರ ಮೂರೇ. ಒಬ್ಬ ಜಮೀನುದಾರ ಪಕ್ಕದ ಮನೆಗೆ ಹೆಣ್ಣು ಕೇಳಲು ಬರುತ್ತಾನೆ. ಹುಡುಗಿಯ ಅಪ್ಪನಿಗೆ ವಿಷಯ ಗೊತ್ತು, ಹುಡುಗಿಗೆ ಗೊತ್ತಿಲ್ಲ. ಇವನು ನೇರ ವಿಷಯಕ್ಕೆ ಬರೋ ಬದಲು ನಾಚಿಕೊಂಡು ಅದು ಇದು ಮಾತಾಡುತ್ತಾ ನಡುವೆ ಒಂದು ಹುಲ್ಲುಗಾವಲಿನ ಹೆಸರು ಎತ್ತುತ್ತಾನೆ, 'ನಮ್ಮ ಹುಲ್ಲುಗಾವಲು' ಅಂತ. ಹುಡುಗಿ 'ನಿಮ್ಮದಾ? ಅದು ನಮ್ಮದು' ಅನ್ನುತ್ತಾಳೆ. ಅಲ್ಲಿಂದ ಶುರು. ಅಪ್ಪನೂ ಸೇರಿಕೊಂಡು ಇವನನ್ನು ಮನೆಯಿಂದ ಓಡಿಸುತ್ತಾರೆ. ಓಡಿಸಿದ ಮೇಲೆ ಅಪ್ಪ ಬಾಯಿ ಬಿಡುತ್ತಾನೆ, ಅವನು ನಿನ್ನನ್ನು ಕೇಳೋಕೆ ಬಂದಿದ್ದ ಅಂತ. ಹುಡುಗಿ ಅಯ್ಯೋ ಕರೆಯಿರಿ ಅವನನ್ನ ಅಂತ ಬೊಬ್ಬೆ ಹೊಡೆಯುತ್ತಾಳೆ. ಕರೆದು ತಂದು ಕೂರಿಸಿದರೆ, ಈಗ ಯಾರ ನಾಯಿ ಚಲೋ ಅಂತ ಇನ್ನೊಂದು ಜಗಳ!

ಹೊಲದ ಬದುವಿನ ಜಗಳ ನಮ್ಮವರಿಗೆ ಹೇಳಿಕೊಡಬೇಕಾ? ಹುಲ್ಲುಗಾವಲು ತೆಗೆದು ಹಳ್ಳದ ದಂಡೆಯ ಎರಡೆಕರೆ ಎರೆ ಹೊಲ ಇಟ್ಟೆವು. ನಾಯಿ ತೆಗೆದು ಕಾರಹುಣ್ಣಿಮೆ ಎತ್ತು ಇಟ್ಟೆವು, ಕರಿ ಹರಿದದ್ದು, ಅಂದರೆ ಓಟದಲ್ಲಿ ಅಡ್ಡ ಕಟ್ಟಿದ ಹಗ್ಗ ಮೊದಲು ಹರಿದದ್ದು, ಯಾರ ಎತ್ತು ಅಂತ ಎರಡನೇ ಜಗಳ. ಮೂಲದ ಅಪ್ಪನ ಪಾತ್ರಕ್ಕೆ ಎದೆ ನೋವು, ಕಾಲು ನೋವು ಅಂತ ಇರೋದಿಲ್ಲ, ಅದೆಲ್ಲ ಬಂದ ಗಂಡಿಗೆ. ಎದೆ ಹೊಡೆದುಕೊಳ್ಳುತ್ತೆ, ಕಾಲು ಮರಗಟ್ಟಿತು, ನೀರು ಕೊಡಿ ಅಂತ ಅವನು ಒದ್ದಾಡಬೇಕು, ಆದರೆ ಹೊಲದ ಮಾತು ಮಾತ್ರ ಬಿಡಬಾರದು. ಆ ಪಾತ್ರ ಮಾಡೋ ಹುಡುಗ ನಗಿಸಬೇಕು ಅಂತ ಯೋಚನೆ ಮಾಡಿದನೋ ಕೆಟ್ಟಿತು ಅಂತ ತಿಳಿಯಿರಿ. ಅವನಿಗೆ ನಿಜವಾಗಲೂ ಪ್ರಾಣ ಹೋಗ್ತಾ ಇದೆ, ಹೊಲವೂ ಹೋಗ್ತಾ ಇದೆ. ಅಷ್ಟು ನಂಬಿದರೆ ಸಾಕು.

ಮಸ್ಕಿ ಮೇಷ್ಟ್ರು

ಎರೆ ಹೊಲ ಅಣ್ಣಾ, ಓದುತ್ತಾ ನಾನೊಬ್ಬನೇ ಸ್ಟಾಫ್ ರೂಮಲ್ಲಿ ನಕ್ಕೆ. ಆದರೆ 9ನೇ ತರಗತಿ ಹುಡುಗ ಹುಡುಗಿಯನ್ನು ನಿಲ್ಲಿಸಿ ಹೆಣ್ಣು ಕೇಳೋ ನಾಟಕ ಆಡಿಸಿದರೆ ನಮ್ಮೂರಲ್ಲಿ ಮಾತು ಬರುತ್ತೆ. ಬಾಲ್ಯವಿವಾಹ ಬೇಡ ಅಂತ ಅದೇ ಕಟ್ಟೆ ಮೇಲೆ ಹೋದ ತಿಂಗಳು ಭಾಷಣ ಮಾಡಿಸಿದ್ದೇವೆ! ಮದುವೆ ತೆಗೆದು ಬೇರೆ ಏನಾದರೂ ಹಾಕಬಹುದಾ? ಟ್ರ್ಯಾಕ್ಟರ್ ಬಾಡಿಗೆ ಕೇಳೋಕೆ ಬಂದ ಅನ್ನೋ ಥರ?

ಎರೆ ಹೊಲ (ಕುಷ್ಟಗಿ)

ಹಾಕಬಹುದು, ಆದರೆ ಸುಮ್ನೆ ಬಾಡಿಗೆ ಅಂದರೆ ರಸ ಹೋಗುತ್ತೆ. ಅಲ್ಲಿ ನಗು ಬರೋದು ಜಗಳದಿಂದ ಅಲ್ಲ ಸರ. ಇಬ್ಬರಿಗೂ ಒಬ್ಬರಿಗೊಬ್ಬರು ಬೇಕೇ ಬೇಕು, ಆದರೂ ಬಾಯಿ ಮುಚ್ಚಿಕೊಂಡಿರೋಕೆ ಆಗೋದಿಲ್ಲ, ಅದರಿಂದ. ಬಾಡಿಗೆ ಟ್ರ್ಯಾಕ್ಟರ್ ಇಲ್ಲಿ ಸಿಗಲಿಲ್ಲ ಅಂದರೆ ಇನ್ನೊಬ್ಬನ ಹತ್ತಿರ ಹೋಗುತ್ತಾನೆ, ಮುಗೀತು. ಮದುವೆಯಷ್ಟೇ ಗಟ್ಟಿಯಾದ ಗರಜು ಹುಡುಕಬೇಕು.

ಹೀಗೆ ಮಾಡಿ ನೋಡಿ. ಹಿಂಗಾರಿ ಮಳೆ ಆಗಿದೆ. ಹೊಲ ಹದಕ್ಕೆ ಬಂದಿದೆ. ಇವತ್ತು ನಾಳೆ ಬಿತ್ತದಿದ್ದರೆ ಹದ ಆರಿ ಹೋಗುತ್ತೆ, ಆಮೇಲೆ ಬಿತ್ತಿದರೂ ಜೋಳ ಹುಟ್ಟೋದಿಲ್ಲ. ಒಬ್ಬನ ಹತ್ತಿರ ಟ್ರ್ಯಾಕ್ಟರ್ ಇದೆ, ಅದಕ್ಕೆ ಕಟ್ಟೋ ಕೂರಿಗೆ ಇಲ್ಲ. ಇನ್ನೊಬ್ಬರ ಹತ್ತಿರ ಕೂರಿಗೆ ಇದೆ, ಟ್ರ್ಯಾಕ್ಟರ್ ಕೆಟ್ಟು ನಿಂತಿದೆ. ಊರಲ್ಲಿ ಬೇರೆ ಯಾವುದೂ ಖಾಲಿ ಇಲ್ಲ. ಈಗ ಇಬ್ಬರೂ ಸೇರದೆ ಇಬ್ಬರದೂ ಬಿತ್ತಿಗೆ ಆಗೋದಿಲ್ಲ. ಗಡಿಯಾರ ಓಡ್ತಾ ಇದೆ. ಜನ ಕೂತಲ್ಲೇ ಚಡಪಡಿಸುತ್ತಾರೆ, ಯಾಕೆಂದರೆ ಅವರಿಗೂ ಹದ ಅಂದರೆ ಏನು ಅಂತ ಗೊತ್ತು.

ಸುಮ್ನೆ ನೆನಪಿಗೆ ಬಂದ ಹಾಗೆ ಒಂದು ತುಣುಕು ಬರೆಯುತ್ತೇನೆ. ಹುಡುಗಿಯರು ಜಾಸ್ತಿ ಅಂದಿರಲ್ಲ, ಮನೆಯಲ್ಲಿ ಗಂಗವ್ವ ಇದ್ದಾಳೆ, ಅವಳ ಗಂಡನಿಗೆ ಬಸಣ್ಣ ಬಂದ ಕಾರಣ ಗೊತ್ತು, ಅವಳಿಗೆ ಗೊತ್ತಿಲ್ಲ.

ಬಸಣ್ಣ: ಆರಾಮ ಅದೀರೇನ್ರಿ ಅಕ್ಕಾರ?
ಗಂಗವ್ವ: ಆರಾಮ ಬಿಡಪಾ. ಕುಂದ್ರು. ಮಳಿ ಚಲೋ ಆತು.
ಬಸಣ್ಣ: ಹೌದ್ರಿ. ಅದಕ್ಕ… ಅಂದ್ರ… ನಾ ಯಾಕ ಬಂದಿನಿ ಅಂದ್ರ… ಹಳ್ಳದ ದಂಡಿ ನಮ್ಮ ಹೊಲ ಹದಕ್ಕ ಬಂದೈತ್ರಿ.
ಗಂಗವ್ವ: ಯಾವ ಹೊಲ?
ಬಸಣ್ಣ: ಬೇವಿನ ಗಿಡದ ಹೊಲ್ರಿ.
ಗಂಗವ್ವ: ಗಿಡದಿಂದ ಆಚಿಗಿನ ಹೊಲ ಅನ್ನು.
ಬಸಣ್ಣ: ಈಚಿಗಿಂದುರೀ. ಗಿಡ ನಮ್ಮದಲ್ಲೇನ್ರಿ.
ಗಂಗವ್ವ: (ಕೈಯಾಗಿನ ಮೊರ ಕೆಳಗಿಟ್ಟು) ಯಾರದು?
ಬಸಣ್ಣ: ಗಿಡ್ರಿ.
ಗಂಗವ್ವ: ಯಾರದು ಅಂದೆ.

ಇಲ್ಲಿ ಆಕೆ ಮೊರ ಕೆಳಗಿಡೋದಿದೆಯಲ್ಲ, ಜೋಳ ಹಸನು ಮಾಡ್ತಾ ಕೂತವಳು, ಅದನ್ನು ನಿಧಾನಕ್ಕೆ ಇಡಬೇಕು. ಮಾತಿಗಿಂತ ಮೊದಲು ಕೈ ನಿಲ್ಲಬೇಕು. ಜನಕ್ಕೆ ಮುಂದೆ ಏನಾಗುತ್ತೆ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ, ಬಸಣ್ಣನಿಗೆ ಮಾತ್ರ ಗೊತ್ತಾಗೋದಿಲ್ಲ.

ಓಡಿಸಿದ ಮೇಲೆ ಗಂಡ ಹೇಳುತ್ತಾನೆ, 'ಲೇ, ಅವ ಟ್ರ್ಯಾಕ್ಟರ್ ತಗೊಂಡು ನಮ್ಮ ಹೊಲಾನೂ ಬಿತ್ತಿಕೊಡ್ತೀನಿ ಅನ್ನಾಕ ಬಂದಿದ್ದ'. ಆಗ ಗಂಗವ್ವನ ಮುಖ ನೋಡಬೇಕು.

ದೊಡ್ಡಾಟದ ಮನೆ ಮಗಳು (ಬಳ್ಳಾರಿ ತಾಲೂಕು)

ಅಣ್ಣಾವ್ರು ಬರೆದದ್ದು ಚೆನ್ನಾಗಿದೆ. ಆದರೆ ಅಲ್ಲಿ ಮೂರು ಜನ, ಇಲ್ಲಿ 22 ಮಕ್ಕಳು. ಉಳಿದ 19 ಮಕ್ಕಳು ಚಪ್ಪಾಳೆ ತಟ್ಟಬೇಕಾ?

ನಮ್ಮಪ್ಪ ದೊಡ್ಡಾಟದಲ್ಲಿ ಸಾರಥಿ ಪಾತ್ರ ಮಾಡುತ್ತಿದ್ದರು. ನೋಡಿದವರಿಗೆ ಗೊತ್ತಿರುತ್ತೆ, ರಾಜ ಇರಲಿ ರಾಕ್ಷಸ ಇರಲಿ, ಕುಣಿದು ಒಳಗೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ನೀನ್ಯಾರು, ನಿನ್ನ ಊರ್ಯಾವುದು, ಇಲ್ಲಿಗ್ಯಾಕೆ ಬಂದೆ ಅಂತ ಕೇಳುತ್ತಾನೆ. ಕಿರೀಟ ಭುಜಕೀರ್ತಿ ಹಾಕಿಕೊಂಡು ಗತ್ತಿನಲ್ಲಿ ಬಂದವನು ಈ ಸಾದಾ ಪಂಚೆ ರುಮಾಲಿನವನಿಗೆ ಉತ್ತರ ಕೊಡಬೇಕು. ಅಲ್ಲೇ ಅರ್ಧ ನಗು. ಮತ್ತೆ ಕಥೆ ಕಟ್ಟೋದೂ ಅವನೇ, ವೇಷ ತಡವಾದರೆ ಸಮಯ ನೂಕೋದೂ ಅವನೇ, ಯಾರಾದರೂ ಮಾತು ಮರೆತರೆ ಎತ್ತಿಕೊಡೋದೂ ಅವನೇ. ನಿಮಗೆ ಬೇಕಾದದ್ದು ಇಂಥ ಒಂದು ಪಾತ್ರ. ಚುರುಕು ಹುಡುಗಿಯೊಬ್ಬಳನ್ನು ಸಾರಥಿ ಮಾಡಿ. ಒಂದೇ ಮೈಕು ಇದೆಯಲ್ಲ, ಅದರ ಹತ್ತಿರ ಆಕೆ ಇರಲಿ. ಪರದೆ ಇಲ್ಲ ಅಂತ ಚಿಂತೆಯೇ ಬೇಡ, 'ಈಗ ಇದು ಗಂಗವ್ವನ ಪಡಸಾಲಿ' ಅಂತ ಆಕೆ ಹೇಳಿದರೆ ಅದು ಪಡಸಾಲೆ. ಬಯಲಾಟದಲ್ಲಿ ಯಾವತ್ತು ಸೆಟ್ ಹಾಕಿದ್ದರು?

ತೊಗಲುಗೊಂಬೆ ಆಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಇಬ್ಬರೂ ಇದೇ ಕೆಲಸ ಮಾಡುತ್ತಾರೆ. ರಾಮಾಯಣ ನಡೀತಿರುತ್ತೆ, ನಡುವೆ ನುಗ್ಗಿ ಊರ ಸುದ್ದಿ ಎತ್ತುತ್ತಾರೆ. ನಿಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ಆಟದ ವಿಡಿಯೋ ಸಿಕ್ಕರೆ ಮಕ್ಕಳಿಗೆ ತೋರಿಸಿ. ನಗೆ ಪಾತ್ರ ಎಲ್ಲಿ ಒಳಗೆ ಬರುತ್ತೆ, ಎಲ್ಲಿ ಹಿಂದೆ ಸರಿಯುತ್ತೆ ಅನ್ನೋದನ್ನಷ್ಟೇ ನೋಡಲಿ. ಸುಮ್ಮನಾಗೋದು ಯಾವಾಗ ಅಂತ ಗೊತ್ತಿಲ್ಲದ ಹಾಸ್ಯಗಾರ ನಾಟಕ ತಿಂದುಹಾಕುತ್ತಾನೆ.

ಉಳಿದ ಮಕ್ಕಳಿಗೆ: ಜಗಳ ಅಂದ ಮೇಲೆ ಊರು ಸೇರಲೇಬೇಕು. ಬಸಣ್ಣನ ಕಡೆಯವರು ಒಂದು ಗುಂಪು, ಗಂಗವ್ವನ ಕಡೆಯವರು ಒಂದು ಗುಂಪು. ಒಬ್ಬ ಅಜ್ಜಿ, ಗಿಡ ನೆಟ್ಟದ್ದು ನಾನೇ ಅಂತ ಸಾಕ್ಷಿ ಹೇಳೋಕೆ ಬಂದು ಬೇರೆ ಯಾವುದೋ ಗಿಡದ ಕಥೆ ಹೇಳುತ್ತಾಳೆ. ಟೇಪು ಹಿಡಿದ ಸರ್ವೇಯರು ಒಬ್ಬರು, ಟೇಪಿನ ಆ ತುದಿ ಹಿಡಿಯೋನು ಒಬ್ಬ. ಪಹಣಿ ಓದೋ ಹುಡುಗಿ. ಪಹಣಿಯಲ್ಲಿ ನೋಡಿದರೆ ಆ ಸರ್ವೆ ನಂಬರು ಇಬ್ಬರದೂ ಅಲ್ಲ, ಮೂರನೆಯವನದು! ಇದು ಚೆಕಾವ್‌ನಲ್ಲಿ ಇಲ್ಲ ಅಂತ ಅಣ್ಣಾವ್ರು ಬೈದರೂ ಪರವಾಗಿಲ್ಲ.

ಗಂಡು ಪಾತ್ರಗಳನ್ನು ಹುಡುಗಿಯರೇ ಮಾಡಲಿ. ರಾಘವರ ಮಾತು ಮೇಲೆ ಬಂದಿದೆ. ಹೆಣ್ಣು ಪಾತ್ರಕ್ಕೆ ಹೆಣ್ಣು ಸಿಗದ ಕಾಲ ಅದು, ಈಗ ನಿಮ್ಮಲ್ಲಿ ಗಂಡು ಪಾತ್ರಕ್ಕೆ ಗಂಡು ಸಾಲದು. ಬಸಣ್ಣನನ್ನು ಹುಡುಗಿ ಮಾಡಿದರೆ ಆಕೆ ತನ್ನ ಅಣ್ಣನನ್ನೋ ಚಿಕ್ಕಪ್ಪನನ್ನೋ ನೋಡಿ ನೋಡಿ ಅಷ್ಟು ಚೆನ್ನಾಗಿ ಮಾಡುತ್ತಾಳೆ, ನೀವೇ ದಂಗಾಗುತ್ತೀರಿ. ಆದರೆ ಹುಡುಗನಿಗೆ ಸೀರೆ ಉಡಿಸಿ ಅದಕ್ಕೇ ಜನ ನಗಲಿ ಅನ್ನೋದು ಬೇಡ. ಒಂದು ನಿಮಿಷ ನಗುತ್ತಾರೆ, ಆಮೇಲೆ ಆ ಹುಡುಗನನ್ನು ವರ್ಷಪೂರ್ತಿ ಕಾಡುತ್ತಾರೆ.

ಹಾರ್ಮೋನಿಯಂ ಪೆಟ್ಟಿಗೆ (ಬಳ್ಳಾರಿ)

ತಂಗೀ, ಹುಡುಗನಿಗೆ ಸೀರೆ ಉಡಿಸೋದು ಬೇಡ ಅಂದರೆ ನಮ್ಮ ಬಯಲಾಟದಲ್ಲಿ ಉಳಿಯೋದೇನಮ್ಮ? ಗಂಡಸರು ಹೆಣ್ಣು ವೇಷ ಕಟ್ಟಿ ಜನರನ್ನು ಅಳಿಸಿಲ್ಲವಾ?

ದೊಡ್ಡಾಟದ ಮನೆ ಮಗಳು (ಬಳ್ಳಾರಿ ತಾಲೂಕು)

ಅಳಿಸಿದ್ದಾರೆ ಕಾಕಾ, ಅದನ್ನೇ ನಾನು ಹೇಳಿದ್ದು. ಅವರು ದ್ರೌಪದಿ ಮಾಡಿದರು. ಸೀರೆ ಉಟ್ಟ ಗಂಡಸನ್ನು ಮಾಡಲಿಲ್ಲ.

ಸಿಂಧನೂರು ಪ್ರೇಕ್ಷಕ

ನಾಟಕ ಆಡೋನಲ್ಲ ನಾನು, ನೋಡೋನು. ಆದರೆ ಪುಸ್ತಕದ ಅಂಗಡಿ ಇಟ್ಟುಕೊಂಡಿರೋದರಿಂದ ಹಕ್ಕಿನ ವಿಷಯ ಸ್ವಲ್ಪ ಹೇಳುತ್ತೇನೆ, ಯಾರೂ ಎತ್ತಲಿಲ್ಲ.

ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತೆ, ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ. ಕೈಲಾಸಂ ಅವರದು 2006ರ ಕೊನೆಗೆ ಮುಗಿದಿದೆ. ಅವರ ನಾಟಕ ಯಾರು ಬೇಕಾದರೂ ಆಡಬಹುದು, ಮಾತು ಬದಲಿಸಬಹುದು. ಚೆಕಾವ್ ತೀರಿಕೊಂಡದ್ದು 1904ರಲ್ಲಿ, ಅವರದೂ ಮುಕ್ತ. ಆದರೆ ಇಲ್ಲಿ ಒಂದು ಸೂಕ್ಷ್ಮ ಇದೆ: ಮೂಲ ಮುಕ್ತ ಆದರೂ ಇತ್ತೀಚಿನ ಕನ್ನಡ ಅನುವಾದ ಮುಕ್ತ ಅಲ್ಲ, ಅದರ ಹಕ್ಕು ಅನುವಾದ ಮಾಡಿದವರದು. ಜೂಲಿಯಸ್ ವೆಸ್ಟ್ ಅನ್ನುವವರ ಹಳೆಯ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನು ಓದಿ ನೀವೇ ಬರೆದುಕೊಂಡರೆ ಯಾರ ಗೊಡವೆಯೂ ಇಲ್ಲ.

ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಶ್ರೀರಂಗರು 1984ರಲ್ಲಿ. ಬೇಂದ್ರೆಯವರ ಪುಟ್ಟ ನಾಟಕಗಳು, ಶ್ರೀರಂಗರ ಏಕಾಂಕಗಳು ಧಾರವಾಡದ ಕಡೆಯ ಮಾತಿನವು, ನಿಮ್ಮ ಮಕ್ಕಳ ಬಾಯಿಗೆ ಹತ್ತಿರ. ಅವುಗಳ ಹಕ್ಕು ಇನ್ನೂ ಇದೆ. ಹಾಗಂತ ಆಡಲೇಬಾರದು ಅಂತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಎರಡು ವಿನಾಯಿತಿ ಇವೆ. ಶಾಲೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಶಿಕ್ಷಕರು, ವಿದ್ಯಾರ್ಥಿಗಳೇ ಸೇರಿ ಆಡೋದಕ್ಕೆ ಒಂದು, ಆದರೆ ನೋಡುವವರು ಶಾಲೆಯವರು, ಪೋಷಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಹವ್ಯಾಸಿ ಸಂಘದವರು ದುಡ್ಡು ತೆಗೆದುಕೊಳ್ಳದೆ ಜನರಿಗೆ ತೋರಿಸೋದಕ್ಕೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡೋದಕ್ಕೆ ಇನ್ನೊಂದು. ನಿಮ್ಮ ಯುವಕ ಸಂಘದವರು ಯುಗಾದಿಗೆ ಟಿಕೆಟ್ ಇಟ್ಟು ದುಡ್ಡು ತಾವೇ ಇಟ್ಟುಕೊಂಡರೆ ಆ ವಿನಾಯಿತಿ ಸಿಗೋದಿಲ್ಲ. ಮಾತನ್ನೇ ಬದಲಿಸಿ ರೂಪಾಂತರ ಮಾಡೋದು ಸಹ ಬೇರೆ ಹಕ್ಕು, ಅದಕ್ಕೆ ಪ್ರಕಾಶಕರಿಗೋ ಕುಟುಂಬದವರಿಗೋ ಒಂದು ಪತ್ರ ಬರೆದು ಕೇಳಿಕೊಳ್ಳಿ.

ಯುಗಾದಿ ರಾತ್ರಿ ಆಟ ಅಂದರೆ ಇನ್ನೊಂದು ನೆನಪಿಡಿ, ರಾತ್ರಿ 10ರ ಮೇಲೆ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ. ಸನ್ಮಾನ, ಭಾಷಣ ಎಲ್ಲ ಮುಗಿಸಿ 9:30ಕ್ಕೆ ನಾಟಕ ಶುರು ಮಾಡಿದರೆ ಗಂಗವ್ವ ಮೊರ ಕೆಳಗಿಡೋ ಹೊತ್ತಿಗೆ ಮೈಕು ಬಂದ್ ಆಗುತ್ತೆ. ನಾಟಕ ಮೊದಲು, ಸನ್ಮಾನ ಆಮೇಲೆ ಅಂತ ಪಟ್ಟು ಹಿಡಿಯಿರಿ.

ಲಿಂಗಸುಗೂರು ಟೀಚರ್

ಮೇಷ್ಟ್ರೇ, 22 ಮಕ್ಕಳು ಅಂದಿದ್ದಕ್ಕೆ ಹೇಳುತ್ತಿದ್ದೇನೆ, ನಾವು ಪ್ರೈಮರಿ ಮಕ್ಕಳಿಂದ ಮೂಢರ ರಾಜ್ಯದ ಕಥೆ ಆಡಿಸಿದ್ದೆವು. ಎಲ್ಲರಿಗೂ ಗೊತ್ತಿರೋ ಜನಪದ ಕಥೆ. ಹಿಂದಿಯಲ್ಲಿ ಭಾರತೇಂದು ಹರಿಶ್ಚಂದ್ರರು 1881ರಲ್ಲೇ ಅದರದೇ 'ಅಂಧೇರ್ ನಗರಿ' ಅಂತ ಪ್ರಹಸನ ಬರೆದಿದ್ದಾರೆ, ಹಿಂದಿ ಸರ್‌ಗೆ ಕೇಳಿ, ಅವರಿಗೆ ಗೊತ್ತಿರುತ್ತೆ. ಗೋಡೆ ಬಿದ್ದು ಮೇಕೆ ಸತ್ತಿತು, ಯಾರ ತಪ್ಪು? ಗೋಡೆ ಕಟ್ಟಿದವನನ್ನು ಹಿಡಿದರೆ ಅವನು ಸುಣ್ಣದವನ ಮೇಲೆ ಹಾಕುತ್ತಾನೆ, ಅವನು ನೀರು ಹಾಕಿದವನ ಮೇಲೆ, ಹೀಗೆ ಒಬ್ಬೊಬ್ಬರೂ ಮುಂದಿನವರನ್ನು ತೋರಿಸಿ ಪಾರಾಗುತ್ತಾ ಹೋಗುತ್ತಾರೆ. ಕೊನೆಗೆ ಸಿಕ್ಕವನ ಕುತ್ತಿಗೆ ಹಗ್ಗಕ್ಕೆ ಸಣ್ಣದಾಯ್ತು ಅಂತ ದಪ್ಪಗಿರೋ ಒಬ್ಬ ಶಿಷ್ಯನನ್ನು ಹಿಡಿದು ತರುತ್ತಾರೆ. ಗುರು ಬಂದು, ಈ ಗಳಿಗೆಯಲ್ಲಿ ಸತ್ತರೆ ನೇರ ಸ್ವರ್ಗ ಅಂತ ಹೇಳಿದ್ದೇ ತಡ, ರಾಜನೇ ನಾನು ನಾನು ಅಂತ ಗಲ್ಲಿಗೆ ಏರುತ್ತಾನೆ.

ಆ ಸರಪಳಿಗೆ ಎಷ್ಟು ಮಕ್ಕಳನ್ನು ಬೇಕಾದರೂ ಸೇರಿಸಿ. ಪ್ರತಿ ಮಗುವಿಗೆ ಮೂರೋ ನಾಲ್ಕೋ ಮಾತು ಬಂದರೂ ಅದು ಪೂರಾ ಪಾತ್ರವೇ, ಯಾಕೆಂದರೆ ಬಂದು, ಹೆದರಿ, ತಪ್ಪಿಸಿಕೊಂಡು ಹೋಗುತ್ತೆ. ಒಂದು ಮಗು ಜ್ವರ ಅಂತ ಬರದಿದ್ದರೆ ಒಂದು ಕೊಂಡಿ ಕಡಿಮೆ, ಅಷ್ಟೇ, ನಾಟಕ ನಿಲ್ಲೋದಿಲ್ಲ. ದಪ್ಪ ಶಿಷ್ಯನ ಪಾತ್ರವನ್ನು ಮಾತ್ರ ದಪ್ಪ ಇರೋ ಮಗುವಿಗೆ ಕೊಡಬೇಡಿ. ಸಣಕಲು ಹುಡುಗನ ಹೊಟ್ಟೆಗೆ ದಿಂಬು ಕಟ್ಟಿದರೆ ನಗುವೂ ಜಾಸ್ತಿ, ಯಾರ ಮನಸ್ಸೂ ನೋಯೋದಿಲ್ಲ.

ಇನ್ನೊಂದು ಸಮಸ್ಯೆ ಎಲ್ಲ ಕಡೆ ಆಗುತ್ತೆ. ರಿಹರ್ಸಲ್ಲಿನಲ್ಲಿ ಯಾರೂ ನಗೋದಿಲ್ಲ, ಸ್ಟೇಜಿನಲ್ಲಿ ಜನ ನಗುತ್ತಾರೆ, ಮಕ್ಕಳು ಆ ನಗುವಿನ ಮೇಲೆಯೇ ಮುಂದಿನ ಮಾತು ಹೇಳಿ ಓಡುತ್ತಾರೆ. ಮುಂದಿನ ಜೋಕು ಯಾರಿಗೂ ಕೇಳಿಸೋದಿಲ್ಲ. ಅದಕ್ಕೆ ಕೊನೆಯ ವಾರ ಬೇರೆ ತರಗತಿಯ ಮಕ್ಕಳನ್ನು ಎದುರು ಕೂರಿಸಿ ಆಡಿಸಿ. ನಗು ಎದ್ದಾಗ ಎಲ್ಲರೂ ಇದ್ದ ಹಾಗೇ ಕಲ್ಲಾಗಿ ನಿಲ್ಲಬೇಕು, ನಗು ಇಳಿಯೋ ಹೊತ್ತಿಗೆ, ಪೂರಾ ನಿಲ್ಲೋದಕ್ಕೆ ಮೊದಲೇ, ಮಾತು ಎತ್ತಬೇಕು. ಇದಕ್ಕೇ ನಾಟಕವನ್ನು ಅರ್ಧ ತಾಸಿಗೆ ಬರೆಯಬೇಡಿ, ಇಪ್ಪತ್ತು ನಿಮಿಷಕ್ಕೆ ಬರೆಯಿರಿ. ನಗು, ಓಡಾಟ, ಮೈಕಿನ ಕಿರಿಕ್ಕು ಉಳಿದ ಹತ್ತು ತಿನ್ನುತ್ತವೆ.

ಮೈಕನ್ನು ಕೈಯಿಂದ ಕೈಗೆ ಕೊಡೋದು ದಯವಿಟ್ಟು ಬೇಡ. ಗಂಗವ್ವ ಬೈಯೋದಕ್ಕೆ ಬಸಣ್ಣನ ಹತ್ತಿರ ಮೈಕು ಕೇಳಿಕೊಳ್ಳೋದು ನೋಡೋಕೆ ಆಗೋದಿಲ್ಲ! ಶಾಮಿಯಾನದ ಅಡ್ಡ ಕೋಲಿಗೆ ನಡುವೆ ಕಟ್ಟಿ ಇಳಿಬಿಡಿಸಿ, ಜಗಳ ಎಲ್ಲ ಅದರ ಕೆಳಗೆ ನಡೆಯಲಿ. ದೂರ ನಿಂತ ಗುಂಪು ಹೇಗೂ ಒಟ್ಟಿಗೆ ಕೂಗುತ್ತೆ, ಅದಕ್ಕೆ ಮೈಕು ಬೇಡ.

ಎರೆ ಹೊಲ (ಕುಷ್ಟಗಿ)

ಟೀಚರಮ್ಮ ಹೇಳಿದ ಇಪ್ಪತ್ತು ನಿಮಿಷದ ಲೆಕ್ಕ ನೂರಕ್ಕೆ ನೂರು ಸರಿ.

ಪಹಣಿಯ ಐಡಿಯಾಕ್ಕೆ ನಾನು ಬೈಯೋದಿಲ್ಲ ತಂಗೀ, ಆದರೆ ಜಾಗ ಬದಲಿಸಿ. ಪಹಣಿ ಕೊನೆಗೆ ಬಂದರೆ ಜಗಳ ಬಗೆಹರಿದ ಹಾಗಾಗುತ್ತೆ. ಬಗೆಹರಿದ ಜಗಳಕ್ಕೆ ಯಾರು ನಗುತ್ತಾರೆ? ನಡುವೆಯೇ ಬರಲಿ. ಹೊಲ ಇಬ್ಬರದೂ ಅಲ್ಲ ಅಂತ ಗೊತ್ತಾಗಿ ಒಂದು ಕ್ಷಣ ಎಲ್ಲ ತಣ್ಣಗಾಗಲಿ, ಟ್ರ್ಯಾಕ್ಟರಿಗೆ ಕೂರಿಗೆ ಕಟ್ಟೋಕೆ ಹೊರಡಲಿ, ಅಷ್ಟರಲ್ಲಿ ಗಂಗವ್ವ ಸುಮ್ನೆ ಇರಲಾರದೆ, 'ಹೊಲ ಹೋದ್ರ ಹೋತು, ಹೋದ ವರ್ಷ ಕರಿ ಹರದಿದ್ದು ನಮ್ಮ ಎತ್ತೇ' ಅನ್ನಲಿ. ಬಸಣ್ಣ ಬಾಗಿಲಲ್ಲಿ ನಿಂತು ತಿರುಗಲಿ. ಮೂಲದಲ್ಲೂ ಜಗಳ ನಿಲ್ಲೋದಿಲ್ಲ, ಮದುವೆ ಗೊತ್ತಾದ ಮೇಲೂ ಇಬ್ಬರೂ ಕಿತ್ತಾಡ್ತಾನೇ ಇರುತ್ತಾರೆ. ಅಪ್ಪ ಷಾಂಪೇನ್ ತನ್ನಿ ಅಂತ ಕೂಗುತ್ತಾನೆ. ನಿಮ್ಮದರಲ್ಲಿ ಚಾ ತರ್ರಿ ಅಂತ ಕೂಗಲಿ.

ಮಸ್ಕಿ ಮೇಷ್ಟ್ರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೊಲದ ಜಗಳವನ್ನೇ ಮಾಡುತ್ತೇವೆ. ಸಾರಥಿಗೆ 8ನೇ ತರಗತಿಯ ಒಬ್ಬ ಹುಡುಗಿ ಇದ್ದಾಳೆ, ಪ್ರಾರ್ಥನೆ ಸಮಯದಲ್ಲಿ ಪೇಪರ್ ಓದೋಳು, ಬಾಯಿ ಅಂದರೆ ಬಾಯಿ. ಗಂಗವ್ವನ ಪಾತ್ರಕ್ಕೆ ಈಗಾಗಲೇ ನಾಲ್ಕು ಜನ ಜಗಳ ಆಡುತ್ತಿದ್ದಾರೆ, ಸ್ಕ್ರಿಪ್ಟೇ ಬೇಡ ಅನಿಸುತ್ತೆ. ಸಾಲುಗಳನ್ನು ನಾನೇ ಬರೆಯೋ ಬದಲು ನಿಮ್ಮ ನಿಮ್ಮ ಮನೆಯಲ್ಲಿ ಬದುವಿನ ಜಗಳದಲ್ಲಿ ಏನೇನು ಮಾತು ಬಂತು ಬರೆದುಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳಿದ್ದೇನೆ. ಬೈಗುಳ ನಾನು ಸೋಸುತ್ತೇನೆ, ಬಹಳ ಸೋಸಬೇಕಾಗಬಹುದು.

ಒಂದೇ ಅನುಮಾನ ಉಳಿದಿದೆ. ಹುಡುಗಿಯರಿಗೆ ಮೀಸೆ ಹಚ್ಚೋದು ಹೇಗೆ? ಕಾಡಿಗೆಯಲ್ಲಿ ಬರೆದರೆ ಬೆವರಿಗೆ ಇಳಿಯುತ್ತೆ. ಅಂಟಿಸೋ ಮೀಸೆ ರಾಯಚೂರಿನ ಡ್ರೆಸ್ ಬಾಡಿಗೆಯವರ ಹತ್ತಿರ ಇದೆ, ಅದಕ್ಕೆ ಹಾಕೋ ಗೋಂದಿನಿಂದ ಚರ್ಮ ಕೆಂಪಾಗುತ್ತೆ ಅಂತ ಹೆದರಿಕೆ.

ದೊಡ್ಡಾಟದ ಮನೆ ಮಗಳು (ಬಳ್ಳಾರಿ ತಾಲೂಕು)

ಮೀಸೆಯೇ ಬೇಡ ಸರ. ತಲೆಗೊಂದು ರುಮಾಲು, ಹೆಗಲ ಮೇಲೆ ಟವೆಲ್ಲು, ಕಿವಿಗೆ ಸಿಕ್ಕಿಸಿದ ಬೀಡಿಯ ಬದಲು ಒಂದು ಪೆನ್ಸಿಲ್ಲು. ಸಾರಥಿ ಬಸಣ್ಣನನ್ನು ನೋಡಿ 'ಮೀಸಿ ಎಲ್ಲೋ?' ಅಂತ ಕೇಳಲಿ, ಅವನು 'ಅದನ್ನ ಒತ್ತಿ ಇಟ್ಟೇ ಟ್ರ್ಯಾಕ್ಟರ್ ತಂದೀನಿ' ಅನ್ನಲಿ.